ಅಪ್ಪನ ಯೆಜ್ಡಿ ಮಾರೋದಾ ಬೇಡ್ವಾ: ನಮ್ಮನೆ ಗ್ರೂಪಲ್ಲಿ ನಡೆದ ಮಾತು

ದೊಡ್ಡಣ್ಣ: ನಿನ್ನೆ ಬೆಂಗಳೂರಿಂದ ಒಬ್ರು ಬಂದು ಅಪ್ಪನ ಯೆಜ್ಡಿ ಬೈಕ್ ನೋಡ್ಕೊಂಡು ಹೋದ್ರು. ಎಂಜಿನ್ ಬಿಚ್ಚಿಟ್ಟಿರೋ ಹಾಗೇ 55 ಸಾವಿರ ಕೊಡ್ತೀನಿ, ಶನಿವಾರ ಟೆಂಪೋ ಕಳಿಸ್ತೀನಿ ಅಂದ್ರು. ನನಗೆ ಸರಿ ಅನ್ನಿಸ್ತು. ಒಂಬತ್ತು ವರ್ಷದಿಂದ ವರಾಂಡದಲ್ಲಿ ನಿಂತಿದೆ, ಅಮ್ಮ ಎರಡು ಸಲ ಅದರ ಸ್ಟ್ಯಾಂಡಿಗೆ ಎಡವಿದ್ದಾರೆ. ಬೇಡ ಅನ್ನೋರು ಇವತ್ತೇ ಹೇಳಿ

ನಾನು: ಬೇಡ

ನಾನು: ಅಣ್ಣ ಬೇಜಾರು ಮಾಡ್ಕೋಬೇಡ, ಆದ್ರೆ ಬೆಲೆ ಮಾತಾಡೋಕೆ ಮುಂಚೆ ಒಂದು ಮಾತು ಗ್ರೂಪಲ್ಲಿ ಹಾಕ್ಬೇಕಿತ್ತು. ನಾಲ್ಕು ಭಾನುವಾರದಿಂದ ಅಲ್ಲಿ ಕೂತು ಬಿಚ್ತಾ ಇರೋದು ನಾನು

ದೊಡ್ಡಣ್ಣ: ಬಿಚ್ಚೋದು ಎಲ್ರಿಗೂ ಬರತ್ತೆ, ಜೋಡ್ಸೋದು ಯಾರು? ಪಾರ್ಟ್ಸ್ ಎಲ್ಲಿಂದ ತರ್ತೀಯ? ಫ್ಯಾಕ್ಟರೀನೇ ಇಲ್ಲ

ಭಾವ: ಈಗ ಹೊಸ ಯೆಜ್ಡಿ ಶೋರೂಮ್ ಬಂದಿದ್ಯಲ್ಲ, ಅಲ್ಲಿ ಸಿಗಲ್ವಾ?

ನಾನು: ಇಲ್ಲ ಭಾವ, ಹೆಸರು ಮಾತ್ರ ಅದೇ. 2022ರಲ್ಲಿ ಬಂದಿದ್ದು 334 ಸಿಸಿ ಫೋರ್ ಸ್ಟ್ರೋಕು, ನಮ್ಮದು 250 ಟೂ ಸ್ಟ್ರೋಕು. ಒಂದು ನಟ್ಟೂ ಕೂರಲ್ಲ. ಮೈಸೂರು ಯಾದವಗಿರೀಲಿದ್ದ ಹಳೇ ಯೆಜ್ಡಿ ಫ್ಯಾಕ್ಟರಿ ಮುಚ್ಚಿದ್ದು 96ರಲ್ಲಿ, ಆಮೇಲೆ ಸಿಗ್ತಿರೋದೆಲ್ಲ ಹಳೇ ಸ್ಟಾಕು, ಇಲ್ಲಾ ಬೇರೆಯವ್ರು ಮಾಡಿದ ಲೋಕಲ್ ಮಾಲು. ಆದ್ರೆ ಸಿಗತ್ತೆ

ದೊಡ್ಡಣ್ಣ: ಸಿಗತ್ತೆ ಸಿಗತ್ತೆ ಅಂತ ಹಿಂದೇನೂ ಹೇಳಿದ್ದೆ. ಹತ್ತು ವರ್ಷದ ಕೆಳಗೆ ಗ್ಯಾರೇಜಿಗೆ ಕೊಟ್ಟು ಏನಾಯ್ತು ಮರೆತ್ಯಾ

ನಾನು: ಮರೆತಿಲ್ಲ. ಒರಿಜಿನಲ್ ಕಾರ್ಬ್ಯುರೇಟರ್ ಬಿಚ್ಕೊಂಡು ಯಾವುದೋ ಬೇರೆ ಗಾಡೀದು ಹಾಕಿ ಕಳ್ಸಿದ್ರು, ಅಪ್ಪ ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಅದಕ್ಕೇ ಈ ಸಲ ಯಾರ ಕೈಗೂ ಪೂರ್ತಿ ಗಾಡಿ ಕೊಡಲ್ಲ, ಬ್ಲಾಕ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಒಂದನ್ನೇ ಲೇತಿಗೆ ತಗೊಂಡ್ಹೋಗ್ತೀನಿ, ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಶಾಫ್ಟನ್ನ ಬಿಚ್ಚಿ ಜೋಡ್ಸೋಕೆ ಪ್ರೆಸ್ಸಿಂಗಿಗೆ ಕೊಟ್ಟು ಅಲ್ಲೇ ಕೂತಿರ್ತೀನಿ

ಅಕ್ಕ: ಅಷ್ಟಕ್ಕೂ ಅದಕ್ಕೆ ಏನಾಗಿದೆ ಕಣೋ? ಪಿಸ್ಟನ್ ಹಿಡ್ಕೊಂಡಿದೆ ಅಂತಿದ್ದೆ

ನಾನು: ಅಕ್ಕ ಪೂರ್ತಿ ಹೇಳ್ತೀನಿ ಕೇಳು. ಕಿಕ್ಕರ್ ಮೇಲೆ ನಿಂತ್ರೂ ಇಳೀತಿರ್ಲಿಲ್ಲ. ಪ್ಲಗ್ ಬಿಚ್ಚಿ ಆ ತೂತಿಂದ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಹುಯ್ದು ಒಂದು ವಾರ ಬಿಟ್ಟೆ, ಮುಂದಿನ ಭಾನುವಾರ ಗೇರಿಗೆ ಹಾಕಿ ಹಿಂದಿನ ಚಕ್ರ ಹಿಡ್ಕೊಂಡು ಹಿಂದೆ ಮುಂದೆ ಆಡಿಸ್ತಾ ಇದ್ದೆ, ಅರ್ಧ ಗಂಟೆ ಆದ್ಮೇಲೆ ಕಟಕ್ ಅಂತ ಬಿಟ್ಕೊಳ್ತು. ಹೆಡ್ ಎತ್ತಿ ಬ್ಲಾಕ್ ಎಳೆದೆ. ಪಿಸ್ಟನ್ ತಲೆ ಮೇಲೆ ಇದ್ದಿಲ ಥರ ಕಾರ್ಬನ್ ಕೂತಿತ್ತು, ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಕೆರೆದ್ರೆ ಕೆಳಗೆ 65.50 ಅಂತ ಹೊಡೆದಿರೋದು ಕಾಣಿಸ್ತು. ಕಂಪನಿಯಿಂದ ಬಂದಾಗ ಬೋರ್ ಅಂದ್ರೆ ಸಿಲಿಂಡರ್ ಒಳಗಿನ ಅಗಲ 65 ಮಿಮೀ ಇರತ್ತೆ, ಅಂದ್ರೆ ಅಪ್ಪ ನಮಗ್ಯಾರಿಗೂ ಹೇಳ್ದೆ ಕೊರೆಸಿ ದೊಡ್ಡದು ಮಾಡ್ಸಿದ್ದಾರೆ. ಈಗ ಎಕ್ಸಾಸ್ಟ್ ಕಡೆ ಎರಡು ಗೆರೆ ಬಿದ್ದಿದೆ, ಉಗುರು ಸಿಕ್ಕಿಕೊಳ್ಳತ್ತೆ. ಇನ್ನೊಂಚೂರು ಕೊರೆಸಿ 65.75 ಪಿಸ್ಟನ್ ಹಾಕಿದ್ರೆ ಆ ಗೆರೆ ಹೋಗತ್ತೆ

ಚಿಕ್ಕಪ್ಪ: ಕ್ರ್ಯಾಂಕ್ ಸೀಲು ನೋಡಿದ್ಯೇನೋ?

ನಾನು: ಕಲ್ಲಾಗಿದೆ ಚಿಕ್ಕಪ್ಪ

ಚಿಕ್ಕಪ್ಪ: ಹಂಗಾದ್ರೆ ಬರೀ ಪಿಸ್ಟನ್ ಹಾಕಿ ಓಡಿಸ್ಬೇಡ. ಒಂದು ಕಡೆ ಸೀಲು ಹೋದ್ರೆ ಗಾಳಿ ಎಳ್ಕೊಂಡು ಮತ್ತೆ ಪಿಸ್ಟನ್ ಹಿಡ್ಕೊಂಡು ಸೀಸ್ ಆಗತ್ತೆ, ಇನ್ನೊಂದು ಕಡೆ ಹೋದ್ರೆ ಗೇರ್ ಆಯಿಲ್ ಕುಡಿದು ರೋಡ್ ತುಂಬಾ ಹೊಗೆ. ಎಂಜಿನ್ ಪೂರ್ತಿ ಸೀಳ್ಲೇಬೇಕು. ಕ್ಲಚ್ಚಿನ ಕಾರ್ಕ್ ಪ್ಲೇಟ್ ಒಣಗಿ ಪುಡಿ ಆಗಿರ್ತವೆ, ಹೊಸವು ತಂದ್ರೆ ಒಂದು ರಾತ್ರಿ ಆಯಿಲಲ್ಲಿ ನೆನೆಹಾಕಿ ಕೂರ್ಸು. ಟೂ ಸ್ಟ್ರೋಕಿಗೆ ಪೆಟ್ರೋಲಲ್ಲೇ ಆಯಿಲ್ ಬೆರೆಸ್ಬೇಕಲ್ಲ, ನಿಮ್ಮಪ್ಪ ಲೀಟರಿಗೆ 40 ಎಂಎಲ್ ಆಯಿಲ್ ಅಳತೆ ಮಾಡಿ ಹಾಕ್ತಿದ್ದ, ಬಂಕಲ್ಲಿ ಅಂದಾಜಿಗೆ ಹುಯ್ಯೋಕೆ ಬಿಡ್ತಿರ್ಲಿಲ್ಲ. ನಾನು ಒಂದ್ಸಲ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕ್ಸಿದ್ದೆ, ಮೊದಲ ಸಲ ಸೀಸ್ ಮಾಡಿದ್ದು ನಾನೇ. ಆ 65.50 ನನ್ನಿಂದ ಆಗಿದ್ದು. ನನಗೆ ಒಂದು ಮಾತು ಬೈಲಿಲ್ಲ ಅವನು

ಅಕ್ಕ: ಚಿಕ್ಕಪ್ಪ ಇದು ನಮಗೆ ಗೊತ್ತೇ ಇರ್ಲಿಲ್ಲ

ಭಾವ: ನಮ್ಮ ಏರಿಯಾ ಮೆಕ್ಯಾನಿಕ್ ಹೇಳ್ತಾನೆ, ಗುಜರೀಲಿ ಓಡ್ತಾ ಇರೋ ಫುಲ್ ಎಂಜಿನ್ 25 ಸಾವಿರಕ್ಕೆ ಸಿಗತ್ತಂತೆ, ಒಂದೇ ದಿನದಲ್ಲಿ ಕೂರ್ಸಿ ಕೊಡ್ತಾನಂತೆ. ಇಷ್ಟೆಲ್ಲ ತಲೆನೋವು ಯಾಕೆ

ನಾನು: ಭಾವ ದಯವಿಟ್ಟು ಅದು ಬೇಡ. ಎಂಜಿನ್ ನಂಬರ್ ಹೊಡೆದಿರೋದು ಎಂಜಿನ್ನಿನ ಹೊರಗಿನ ಕ್ರ್ಯಾಂಕ್ ಕೇಸ್ ಮೇಲೆ, ಆರ್‌ಸಿಯಲ್ಲಿ ಅದೇ ನಂಬರ್ ಇರೋದು. ಬೇರೆ ಎಂಜಿನ್ ಹಾಕಿದ್ರೆ ಆರ್‌ಟಿಒದಲ್ಲಿ ಆರ್‌ಸಿ ರಿನ್ಯೂ ಮಾಡ್ಸೋಕೆ ಹೋದಾಗ ನಂಬರ್ ತಾಳೆ ಆಗಲ್ಲ. ಅದೂ ಅಲ್ದೆ ಆ ಎಂಜಿನ್ ಯಾವ ಗಾಡೀದೋ, ಕದ್ದ ಗಾಡೀದೋ ಯಾರಿಗ್ಗೊತ್ತು. ನಮ್ಮ ಕೇಸ್ ಚೆನ್ನಾಗಿದೆ, ಒಂದು ಬಿರುಕೂ ಇಲ್ಲ, ಅದನ್ನ ಎಸೆಯೋದು ಪಾಪ

ದೊಡ್ಡಣ್ಣ: ಆರ್‌ಟಿಒ ಅಂದ್ಯಲ್ಲ, 15 ವರ್ಷ ಆದ ಗಾಡಿ ಸ್ಕ್ರ್ಯಾಪಿಗೆ ಹಾಕ್ಬೇಕು ಅಂತ ರೂಲ್ಸ್ ಇಲ್ವಾ? ಇದು 79ರದ್ದು

ನಾನು: ಅದು ದೆಹಲಿ ಕಡೆ ಅಣ್ಣ. ನಮ್ಮಲ್ಲಿ ಸ್ವಂತ ಗಾಡಿ ಆದ್ರೆ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡ್ಸಿ ಗ್ರೀನ್ ಟ್ಯಾಕ್ಸ್ ಕಟ್ಬೇಕು, ಫಾರಂ 25. ಅದಕ್ಕಿಂತ ಮೊದಲು ಗಾಡಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಮಾಲೀಕರು ತೀರ್ಕೊಂಡಾಗ ಹಾಕೋ ಫಾರಂ 31 ಹಾಕಿ ಹೆಸರು ಬದಲಾಯಿಸ್ಬೇಕು, ಅದಕ್ಕೆ ನಾವೆಲ್ರೂ ಒಪ್ಪಿಗೆ ಬರ್ಕೊಡ್ಬೇಕು. ಶನಿವಾರ ಟೆಂಪೋ ಬಂದ್ರೂ ಅವ್ರಿಗೆ ಯಾವ ಪೇಪರ್ ಕೊಡ್ತೀಯ ನೀನು?

ದೊಡ್ಡಣ್ಣ: ನಾನೇನು ದುಡ್ಡು ಜೇಬಿಗೆ ಹಾಕ್ಕೊಳ್ತೀನಿ ಅಂದ್ನಾ? ಅಮ್ಮನ ಅಕೌಂಟಿಗೆ ಹಾಕೋಣ ಅಂತಿದ್ದೆ

ಅಕ್ಕ: ಯಾರೂ ಹಾಗಂದಿಲ್ಲ ಕಣೋ. ಆದ್ರೆ ನನ್ನನ್ನ ಒಂದು ಮಾತು ಕೇಳ್ಲಿಲ್ಲ ನೀನು. ಹೆಣ್ಣುಮಗಳಿಗೆ ಗಾಡಿ ವಿಷಯ ಯಾಕೆ ಅಂದ್ಕೊಂಡ್ಯಾ? ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರು ದಿನಕ್ಕೂ ಅಪ್ಪ ಬಿಟ್ಟು ಬಂದಿದ್ದು ಅದರಲ್ಲೇ. ನನ್ನ ಸಹಿ ಮಾರೋಕೆ ಇಲ್ಲ, ಹೆಸರು ಬದಲಾಯಿಸೋಕೆ ಇದೆ

ಅಮ್ಮ: ಜಗಳ ಆಡ್ಬೇಡಿ. ನಾನು ಎಡವಿದ್ದು ಸ್ಟ್ಯಾಂಡಿಗಲ್ಲ ಚಪ್ಪಲಿಗೆ. ಗಾಡಿ ಇದ್ರೆ ನನಗೇನೂ ತೊಂದ್ರೆ ಇಲ್ಲ, ಸೀಟಿನ ಮೇಲೆ ಹಪ್ಪಳದ ಬಟ್ಟೆ ಹಾಕ್ತೀನಿ

ದೊಡ್ಡಣ್ಣ: ಸರಿ. ಖರ್ಚು ಎಷ್ಟಾಗತ್ತೆ ಹೇಳು, ಅಂದಾಜು ಬೇಡ, ಲೆಕ್ಕ

ನಾನು: ಪಿಸ್ಟನ್ ಸೆಟ್ಟು, ಬೋರಿಂಗು, ಕನೆಕ್ಟಿಂಗ್ ರಾಡ್ ಕಿಟ್ಟು, ಕಾರ್ಕ್ ಪ್ಲೇಟು, ಎರಡು ಟೈರು ಟ್ಯೂಬು, ವೈರಿಂಗು ಎಲ್ಲ ಸೇರಿ 30 ಸಾವಿರದ ಒಳಗೆ ನನ್ನ ಲೆಕ್ಕ. ಬೇರಿಂಗು ಸೀಲಿಗೆ ಯೆಜ್ಡಿ ಅಂಗಡೀನೇ ಬೇಕಿಲ್ಲ, ಮೇಲೆ ಹೊಡೆದಿರೋ ನಂಬರ್ ನೋಡಿ ಬೇರಿಂಗ್ ಅಂಗಡೀಲೇ ಕೊಡ್ತಾರೆ. ಕಷ್ಟ ಇರೋದು ಕಾರ್ಬ್ ಒಂದೇ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ಇರೋರೆಲ್ಲ ಸೇರೋ ಜಾವಾ ಡೇ ಇರತ್ತೆ, ಅಲ್ಲಿ ಬರೋ ಹಳಬರನ್ನ ಕೇಳ್ತೀನಿ, ಮನೇಲಿ ಎರಡು ಮೂರು ಇಟ್ಕೊಂಡಿರ್ತಾರೆ

ಭಾವ: 12 ವೋಲ್ಟಿಗೆ ಮಾಡ್ಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸಿಬಿಡಿ, ಹೆಡ್‌ಲೈಟ್ ಆದ್ರೂ ಕಾಣತ್ತೆ

ಚಿಕ್ಕಪ್ಪ: ಕಿಡಿ ಕೊಡೋ ಹಳೇ ಪಾಯಿಂಟೇ ಇರ್ಲಿ. 0.4 ಮಿಮೀ ಗ್ಯಾಪ್ ಇಟ್ಟು ನಾನು ಸೆಟ್ ಮಾಡ್ಕೊಡ್ತೀನಿ. ಕಣ್ಣು ಮಂಜು, ಕೈ ಸರಿಯಾಗೇ ಇದೆ

ನಾನು: ಭಾವ ಲೈಟಿನ ಮಾತು ಸರಿ, ರಾತ್ರಿ ಓಡ್ಸೋದಾದ್ರೆ 6 ವೋಲ್ಟ್ ಸಾಲಲ್ಲ, ಅದನ್ನ ಆಮೇಲೆ ನೋಡೋಣ. ಮೊದಲು ಸ್ಟಾರ್ಟ್ ಆಗ್ಲಿ

ಅಕ್ಕ: ನಂದು 8 ಸಾವಿರ. ಇವತ್ತೇ ಹಾಕ್ತೀನಿ

ಚಿಕ್ಕಪ್ಪ: ಪಿಸ್ಟನ್ನು ಬೋರಿಂಗು ನನ್ನ ಲೆಕ್ಕ. ಅದಕ್ಕೆ ಯಾರೂ ಮಾತಾಡಬಾರದು

ದೊಡ್ಡಣ್ಣ: ಮಾರೋದು ಬೇಡ ಅಂತ ನಾನಿನ್ನೂ ಒಪ್ಪಿಲ್ಲ. ದೀಪಾವಳಿ ತನಕ ನೋಡ್ತೀನಿ, ಅಷ್ಟರಲ್ಲಿ ಓಡ್ಬೇಕು. ಆ ಬೆಂಗಳೂರಿನವ್ರಿಗೆ ಟೆಂಪೋ ಬೇಡ ಅಂತ ಫೋನ್ ಮಾಡ್ತೀನಿ. ಗುರುವಾರ ಆಫೀಸ್ ಕೆಲ್ಸಕ್ಕೆ ಬೆಂಗಳೂರಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆಸಿ ರೋಡ್ ಕಡೆ ಹೋಗ್ತಾ ಇದ್ದೀನಿ, ಏನು ತರ್ಬೇಕು ಬರ್ದು ಹಾಕು

ನಾನು: 65.75 ಪಿಸ್ಟನ್, ರಿಂಗು ಪಿನ್ನು ಲಾಕು ಸಮೇತ ಒಂದೇ ಸೆಟ್ಟು, ಬಿಡಿಬಿಡಿ ತಗೋಬೇಡ. ನಾಳೆ ಸಾಯಂಕಾಲ ಮನೆಗೆ ಬಂದು ಹಳೇ ಪಿಸ್ಟನ್ ಬಟ್ಟೇಲಿ ಸುತ್ತಿ ಕೊಡ್ತೀನಿ ಅಣ್ಣ, ಅಂಗಡೀಲಿ ಬಾಯಲ್ಲಿ ಹೇಳ್ಬೇಡ, ಅದನ್ನ ಪಕ್ಕದಲ್ಲಿ ಇಟ್ಟು ಪಿನ್ನಿನ ತೂತು ಒಂದೇ ಎತ್ತರಕ್ಕೆ ಇದ್ಯಾ ನೋಡಿ ದುಡ್ಡು ಕೊಡು