ಕೈಬಣ್ಣದ ಅಚ್ಚುಚಿತ್ರಗಳನ್ನು ಚರಿತ್ರೆಯ ಸಾಕ್ಷ್ಯವೆಂದು ಎಷ್ಟು ನಂಬಬಹುದು?

ಕಲಬುರಗಿಯ ಓದುಗ:
ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಲಾರ್ಡ್ ಕಾರ್ನ್‌ವಾಲಿಸ್ ಒತ್ತೆಯಾಳುಗಳಾಗಿ ಬರಮಾಡಿಕೊಳ್ಳುತ್ತಿರುವ, ಕೈಯಿಂದ ಬಣ್ಣ ತುಂಬಿದ ಹಳೆಯ ತಾಮ್ರದಚ್ಚಿನ ಚಿತ್ರವೊಂದು ನಮ್ಮ ಮನೆಯಲ್ಲಿದೆ. 1792ರ ಒಪ್ಪಂದದಲ್ಲಿ ಮೈಸೂರು ಕಳೆದುಕೊಂಡ ಅರ್ಧ ರಾಜ್ಯದಲ್ಲಿ ನಮ್ಮ ಸೀಮೆಯ ಒಡೆಯನಾಗಿದ್ದ ನಿಜಾಮನಿಗೂ ಪಾಲು ಸಿಕ್ಕಿತ್ತಾದ್ದರಿಂದ, ಇದು ಕಲಬುರಗಿಗೆ ಹೊರಗಿನ ಕಥೆಯೇನಲ್ಲ. ಚಿತ್ರದಲ್ಲಿರುವ ಉಡುಪು, ಪೇಟ, ಬಾವುಟಗಳ ಬಣ್ಣವನ್ನು ವಿದ್ಯಾರ್ಥಿಗಳಿಗೆ ಸಾಕ್ಷ್ಯವಾಗಿ ತೋರಿಸಬಹುದೇ?

ಬೀದರ್ ನಿವಾಸಿ:
ಇಂಥ ಚಿತ್ರಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷ್ಯ ಬಣ್ಣವೇ. ಚಿತ್ರ ಕೊರೆದ ತಾಮ್ರದ ತಗಡಿನಿಂದ ಸಾಮಾನ್ಯವಾಗಿ ಒಂದೇ ಶಾಯಿಯಲ್ಲಿ ಅಚ್ಚಾಗಿ ಬಂದ ಹಾಳೆಗಳಿಗೆ, ಭಾರತವನ್ನು ಕಾಣದ ಕೆಲಸಗಾರರು ಒಂದು ಮಾದರಿಯನ್ನು ಎದುರಿಗಿಟ್ಟುಕೊಂಡು ಜಲವರ್ಣ ಹಚ್ಚುತ್ತಿದ್ದರು; ಹೀಗಾಗಿ ಒಂದೇ ತಗಡಿನ ಎರಡು ಪ್ರತಿಗಳಲ್ಲಿ ಒಬ್ಬನದೇ ಪೇಟ ಬೇರೆ ಬೇರೆ ಬಣ್ಣದ್ದಾಗಿರಬಹುದು. ಬಣ್ಣವಿಲ್ಲದೆ ಮಾರಾಟವಾದ ಪ್ರತಿಗಳಿಗೆ ಎಷ್ಟೋ ಕಾಲದ ಮೇಲೆ ವ್ಯಾಪಾರಿಗಳು ಬಣ್ಣ ಬಳಿಸಿದ್ದೂ ಉಂಟು. ಮೊದಲು ಭೂತಗನ್ನಡಿಯಲ್ಲಿ ನೋಡಿ: ಸಾಲುಸಾಲಾದ ಬಣ್ಣದ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಮುದ್ರಣ. ಆದರೆ ಚುಕ್ಕೆಗಳನ್ನೇ ಕೊರೆದು ಮಾಡುವ ಹಳೆಯ ವಿಧಾನವೂ ಇತ್ತು. ಅಲ್ಲಿ ಅವು ಅಡ್ಡಾದಿಡ್ಡಿಯಾಗಿರುತ್ತವೆ.

ಯಾದಗಿರಿಯ ಇತಿಹಾಸಾಸಕ್ತ:
ರೇಖೆಗಳನ್ನಾದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ರಾಬರ್ಟ್ ಹೋಮ್ ಕಾರ್ನ್‌ವಾಲಿಸನ ಸೈನ್ಯದೊಂದಿಗೇ ಇದ್ದ ಕಲಾವಿದ. ಈ ಪ್ರಸಂಗದ ತನ್ನ ವರ್ಣಚಿತ್ರದ ಅಂಚಿನಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಆದರೆ ಟಿಪ್ಪುವಿನ ಕೊನೆಯ ಹೋರಾಟವನ್ನು ಬರೆದ ಹೆನ್ರಿ ಸಿಂಗಲ್ಟನ್ ಆಗಲಿ, 1799ರ ಮೇ 4ರ ಶ್ರೀರಂಗಪಟ್ಟಣದ ಕೋಟೆ ಲಗ್ಗೆಯನ್ನು ಮರುವರ್ಷವೇ ಲಂಡನ್ನಿನಲ್ಲಿ ಭಾರಿ ಚಿತ್ರವಾಗಿ ಪ್ರದರ್ಶಿಸಿದ ರಾಬರ್ಟ್ ಕೆರ್ ಪೋರ್ಟರ್ ಆಗಲಿ ಆ ಯುದ್ಧವನ್ನು ಕಂಡವರಲ್ಲ. ಆದರೂ ಇವು ಸುಳ್ಳೆಂದು ಬದಿಗಿಡುವಂಥವಲ್ಲ ಎಂಬುದು ನನ್ನ ಅಭಿಪ್ರಾಯ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸ್, ಇಲ್ಲಿ ಸೋತ ಶತ್ರುವಿನ ಮಕ್ಕಳನ್ನು ತಂದೆಯಂತೆ ಆದರಿಸುವವನಾಗಿ ಕಾಣುತ್ತಾನೆ. ಅವನನ್ನು ಹೀಗೆ ನೋಡಲು ಲಂಡನ್ ಬಯಸಿತ್ತು ಎಂಬುದಕ್ಕೆ ನಿಮ್ಮ ಚಿತ್ರ ನೇರ ಸಾಕ್ಷಿ. ಕೆಳಗಿನ ಅಂಚಿನಲ್ಲಿ ಎಡಕ್ಕೆ ಚಿತ್ರಕಾರನ, ಬಲಕ್ಕೆ ಕೊರೆದವನ ಹೆಸರಿರುವುದು ರೂಢಿ. ಹಕ್ಕು ಕಾಯ್ದುಕೊಳ್ಳಲು ಪ್ರಕಾಶಕನ ಹೆಸರು ಮತ್ತು ತಾರೀಖು ತಗಡಿನ ಮೇಲಿರಬೇಕೆಂದು ಬ್ರಿಟನ್ನಿನ 1735ರ ಕಾನೂನು ವಿಧಿಸಿತ್ತು. ಅದನ್ನು ಓದಿ ತಿಳಿಸಿ.

ಕಲಬುರಗಿಯ ಓದುಗ:
ಚೌಕಟ್ಟು ಹಾಕಿಸುವಾಗ ಯಾರೋ ಆ ಅಂಚನ್ನೇ ಕತ್ತರಿಸಿದ್ದಾರೆ.

ಬೀದರ್ ನಿವಾಸಿ:
ಹಾಗಾದರೆ ಬ್ರಿಟಿಷ್ ಮ್ಯೂಸಿಯಂ ಮತ್ತು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಅಂತರ್ಜಾಲದಲ್ಲಿಟ್ಟಿರುವ ಸಂಗ್ರಹಗಳಲ್ಲಿ ಅಂಚು ಉಳಿದ ಪ್ರತಿಯನ್ನು ಹುಡುಕಿ, ಬಣ್ಣವನ್ನಲ್ಲ, ರೇಖೆಗಳನ್ನು ಹೋಲಿಸಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸಬಹುದು. ಮೂಲ ಪ್ರತಿಯನ್ನು ಮಾತ್ರ ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ; ನೀರು ತಾಗಿದರೆ ಜಲವರ್ಣ ಕರಗಿ ಹರಡುತ್ತದೆ.