ಅಪ್ಪ ಅಮ್ಮನನ್ನು ‘ಸ್ಪಾನ್ಸರ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೆನಡಾದಲ್ಲಿರುವ ಮಕ್ಕಳು ತಂದೆ ತಾಯಿಯನ್ನು ಪಿಆರ್ (ಪರ್ಮನೆಂಟ್ ರೆಸಿಡೆಂಟ್, ಅಂದರೆ ಕಾಯಂ ನಿವಾಸಿ) ಮೇಲೆ ಕರೆಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದನ್ನು ಓದಬೇಕಾದವರು ಇಲ್ಲಿನ ಮಕ್ಕಳಲ್ಲ, ಊರಲ್ಲಿರುವ ಹಿರಿಯರು. ಮಗಳು ಕಳಿಸಿದ ಫಾರಂಗೆ ತೋರಿಸಿದ ಕಡೆ ಸಹಿ ಹಾಕಿರುತ್ತಾರೆ. ಮಗಳು ಯಾವ ಹೊರೆ ಹೊತ್ತಿದ್ದಾಳೆ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ಕೆಲವು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಮೊದಲು ಸ್ಪಾನ್ಸರ್. ಪತ್ರಿಕೆಗಳಲ್ಲಿ ‘ಪ್ರಾಯೋಜಕ’ ಅಂತ ಬರೆಯುತ್ತಾರೆ. ಟಿವಿ ಕಾರ್ಯಕ್ರಮಕ್ಕೆ, ಕ್ರಿಕೆಟ್ ಪಂದ್ಯಕ್ಕೆ ಅದು ಸರಿ. ದುಡ್ಡು ಕೊಟ್ಟು ಬ್ಯಾನರ್ ಮೇಲೆ ಹೆಸರು ಹಾಕಿಸಿಕೊಂಡರೆ ಅವರ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ತಂದೆ ತಾಯಿಗೆ ಪಿಆರ್ ಸಿಕ್ಕ ದಿನದಿಂದ 20 ವರ್ಷ ಅವರ ಊಟ, ಬಟ್ಟೆ, ಮನೆ ಎಲ್ಲ ತನ್ನದು ಅಂತ ಮಗ ಸರ್ಕಾರಕ್ಕೆ ಬರೆದುಕೊಟ್ಟಿರುತ್ತಾನೆ (ಕ್ವಿಬೆಕ್ ಪ್ರಾಂತ್ಯದಲ್ಲಿ 10 ವರ್ಷ; ಕರೆಸಿಕೊಳ್ಳುವುದು ಗಂಡನನ್ನೋ ಹೆಂಡತಿಯನ್ನೋ ಆದರೆ 3 ವರ್ಷ). ನಡುವೆ ಕೆಲಸ ಹೋದರೂ, ಮಾತು ಬಿಟ್ಟರೂ, ಆ ತಂದೆ ತಾಯಿ ಕೆನಡಾದ ಪೌರರೇ ಆದರೂ ಅದು ಬಿಡುವುದಿಲ್ಲ. ಅವರು ಪ್ರಾಂತ್ಯದ ಸರ್ಕಾರದಿಂದ ಬಡವರಿಗೆ ಕೊಡುವ ಸಹಾಯಧನ ತೆಗೆದುಕೊಂಡರೆ ಆ ಹಣವನ್ನು ಮಗನೇ ತೀರಿಸಬೇಕು. ಇಷ್ಟೆಲ್ಲ ‘ಪ್ರಾಯೋಜಕ’ ಅನ್ನುವ ಪದದಲ್ಲಿ ಎಲ್ಲಿದೆ ಹೇಳಿ?

‘ಜಾಮೀನುದಾರ’ ಅನ್ನಬಹುದಾ ಅಂತ ಯೋಚಿಸಿದೆ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಅದರ ಭಾರ ಚೆನ್ನಾಗಿ ಗೊತ್ತು. ಆದರೆ ಅಲ್ಲಿ ಸಾಲದ ಮೊತ್ತ ಇಷ್ಟು ಅಂತ ಮೊದಲೇ ಇರುತ್ತದೆ, ಇಲ್ಲಿ ಇಲ್ಲ. ಅದೂ ಅಲ್ಲದೆ ಜಾಮೀನು ಅಂದ ಕೂಡಲೇ ಕೋರ್ಟು, ಜೈಲು ನೆನಪಾಗುತ್ತದೆ. ನನಗೆ ಹಿಡಿಸಿದ್ದು ‘ಹೊಣೆಗಾರ’. ಇದಕ್ಕೂ ‘ಈ ಅನಾಹುತಕ್ಕೆ ಯಾರು ಹೊಣೆ’ ಅನ್ನುವ ಬೈಗುಳದ ಛಾಯೆ ಇದೆ, ಅಲ್ವಾ? ‘ಹೊಣೆ ಹೊತ್ತವರು’ ಅಂದರೆ ಆ ಕಹಿ ಕಡಿಮೆಯಾಗುತ್ತದೆ ಅನ್ನಿಸುತ್ತದೆ.

ಬರೆದುಕೊಡುವ ಆ ಪತ್ರಕ್ಕೆ ಮಾತ್ರ ನಮ್ಮಲ್ಲಿ ಹೇಳಿ ಮಾಡಿಸಿದಂಥ ಪದ ಇದೆ, ‘ಮುಚ್ಚಳಿಕೆ’. ಶಾಲೆ, ಹಾಸ್ಟೆಲು, ಸರ್ಕಾರಿ ಕಚೇರಿ ಎಲ್ಲ ಕಡೆ ಬಳಸುತ್ತೇವೆ. ಪೊಲೀಸ್ ಠಾಣೆಯ ವಾಸನೆ ಸ್ವಲ್ಪ ಇದ್ದರೂ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಮನೆಮಾತಲ್ಲಿ ಎಲ್ಲರೂ ಹೇಳುವುದು ‘ಕರೆಸಿಕೊಂಡ’ ಅಂತ. ಚೆಂದದ ಮಾತು, ನಮ್ಮದೇ ಮಾತು. ತೊಂದರೆ ಏನೆಂದರೆ ವಿಸಿಟರ್ ವೀಸಾಕ್ಕೂ ಅದೇ, ಸೂಪರ್ ವೀಸಾಕ್ಕೂ (ತಂದೆ ತಾಯಿ ಬಂದು ಬಹುಕಾಲ ಇದ್ದು ಹೋಗುವ ವೀಸಾ) ಅದೇ, ಪಿಆರ್‌ಗೂ ಅದೇ. ಸೂಪರ್ ವೀಸಾದಲ್ಲಿ ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು, ಆದರೆ ಕಮ್ಮಿ ಅಂದರೆ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕೈಯಲ್ಲಿರಬೇಕು, ಇಲ್ಲಿಯ ಸರ್ಕಾರಿ ಆರೋಗ್ಯ ಕಾರ್ಡ್ ಸಿಗುವುದಿಲ್ಲ. ಪಿಆರ್‌ಗೆ ಕಾಯುವವರ ಕಥೆಯೇ ಬೇರೆ. ತಂದೆ ತಾಯಿಯನ್ನು ಕರೆಸಿಕೊಳ್ಳುವ ಆಸಕ್ತಿ ಇದೆ ಅಂತ 2020ರಲ್ಲಿ ಸರ್ಕಾರಕ್ಕೆ ಫಾರಂ ತುಂಬಿಕೊಟ್ಟ ಮಕ್ಕಳ ಪಟ್ಟಿಯಿಂದಲೇ ಆಮೇಲೆ ಹಲವು ವರ್ಷ ಚೀಟಿ ಎತ್ತಿದರು. ಅಲ್ಲಿ ಹೆಸರು ಬಂದರೆ ಅರ್ಜಿ ಹಾಕಲು ಸರ್ಕಾರದಿಂದ ‘ಆಹ್ವಾನ’ ಬರುತ್ತಿತ್ತು. ವಿಸಿಟರ್ ವೀಸಾಕ್ಕೆ ಮಗ ಬರೆಯುವ ಪತ್ರಕ್ಕೂ ‘ಆಹ್ವಾನ ಪತ್ರ’ ಅಂತಲೇ ಹೆಸರು. ಹಾಗಾಗಿ ಊರಲ್ಲಿ ‘ಆಹ್ವಾನ ಬಂತಂತೆ’ ಅಂದಾಗ ಯಾವುದು ಬಂತು ಅಂತ ಕೇಳಿ ತಿಳಿಯಬೇಕು. ಸರ್ಕಾರದ್ದಕ್ಕೆ ‘ಅರ್ಜಿ ಕರೆ’ ಅಂದರೆ ಹೇಗೆ?

ತಂದೆ ತಾಯಿಯ ಅರ್ಜಿಯಲ್ಲಿ ಜೊತೆಗೆ ಸೇರಿಸಬಹುದಾದ ಮಕ್ಕಳಿಗೆ ಬಳಸುವ ‘ಅವಲಂಬಿತ’ ಅನ್ನುವುದೂ ದಾರಿ ತಪ್ಪಿಸುತ್ತದೆ. ನಮ್ಮ ಕಣ್ಣಿಗೆ ಮದುವೆಯಾಗದೆ ಮನೆಯಲ್ಲಿರುವ 24 ವರ್ಷದ ಮಗಳು ಅವಲಂಬಿತಳೇ. ಇಲ್ಲಿನ ಲೆಕ್ಕದಲ್ಲಿ 22 ತುಂಬದ, ಮದುವೆಯಾಗದ ಮಕ್ಕಳಷ್ಟೇ ಅವಲಂಬಿತರು. ದೇಹದ ಅಥವಾ ಮನಸ್ಸಿನ ತೊಂದರೆಯಿಂದ, 22ಕ್ಕೆ ಮೊದಲಿನಿಂದಲೂ ತಂದೆ ತಾಯಿ ಮೇಲೇ ನಿಂತವರಿಗೆ ಮಾತ್ರ ವಯಸ್ಸಿನ ವಿನಾಯಿತಿ. ‘ತಂಗಿಯನ್ನೂ ನಮ್ಮ ಜೊತೆ ಸೇರಿಸಿಬಿಡು’ ಅಂತ ಹೇಳುವ ತಾಯಿಗೆ ಆಗಲ್ಲ ಅಂತ ಹೇಳುವುದು ಮಗನಿಗೆ ತುಂಬಾ ಕಷ್ಟದ ಕೆಲಸ. ಪದವೇ ಸರಿಯಿದ್ದರೆ ಅರ್ಧ ನೋವು ತಪ್ಪುತ್ತದೆ.

ಇನ್ನು ‘ಕಾಯಂ ನಿವಾಸಿ’. (ಖಾಯಂ ಅಂತಲೂ ಬರೆಯುತ್ತಾರೆ, ನಾನು ಕಾಯಂ ಪಕ್ಷ.) ಹಾಸನದ ಕಡೆಯ ಒಬ್ಬ ಅಮ್ಮ ನನ್ನ ಕರಡು ಓದಿ ಫೋನಿನಲ್ಲಿ ಕೇಳಿದರು: ‘ಕಾಯಂ ಅಂದ್ರೆ ಇನ್ನು ಅಲ್ಲೇನಾ? ಮನೆ ಮಾರಿ ಬರಬೇಕಾ?’ ಹಾಗೇನಿಲ್ಲ. ಭಾರತದ ಪಾಸ್‌ಪೋರ್ಟ್ ಹಾಗೇ ಇರುತ್ತದೆ. 5 ವರ್ಷದಲ್ಲಿ ಒಟ್ಟು 730 ದಿನ ಕೆನಡಾದಲ್ಲಿದ್ದರೆ ಸಾಕು, ಉಳಿದಾಗ ಊರಲ್ಲಿರಬಹುದು. ಅಷ್ಟು ದಿನ ಇರದಿದ್ದರೆ ಆ ‘ಕಾಯಂ’ ಕೈತಪ್ಪಿಯೂ ಹೋಗಬಹುದು. ಕೆಲವರು ಇದನ್ನೇ ‘ಪೌರತ್ವ’ ಅಂತ ಬರೆಯುತ್ತಾರೆ, ಅದು ಪೂರ್ತಿ ತಪ್ಪು, ಇವರಿಗೆ ಮತದಾನದ ಹಕ್ಕೇ ಇಲ್ಲ. ‘ನೆಲೆ ಹಕ್ಕು’ ಅಂತ ಬರೆದು ನೋಡಿದೆ. ಜಮೀನಿನ ಹಕ್ಕು ಅಂದುಕೊಂಡಾರು ಅನ್ನುವ ಅನುಮಾನ ಇದೆ.

ನೋಂದಣಿ ಕಚೇರಿಯಲ್ಲೋ ನೋಟರಿ ಹತ್ತಿರವೋ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಒಬ್ಬರ ಜೀವನದ ಖರ್ಚು ಪೂರ್ತಿ ತನ್ನದು ಅಂತ ಬರೆದುಕೊಡುವವರನ್ನು ಹಳೆಯ ಪತ್ರಗಳಲ್ಲಿ ಏನಂತ ಕರೆಯುತ್ತಿದ್ದರು? ಧಾರವಾಡ, ಕಲಬುರಗಿ, ಮಂಗಳೂರು ಕಡೆ ಬೇರೆ ಪದ ಇದ್ದರೆ ಅದೂ ಬೇಕು.