ವಾಲ್ವ್ ಆಂಪ್‌ಗೆ ಸ್ಪೇರ್ ಎಷ್ಟಿರಬೇಕು? ರೇಡಿಯೊ ಕಾಕಾ ಅವರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆವರೆಗೆ ನಮ್ಮ ಕಾಕಾ ಇರುತ್ತಾರೆ. ಕಲಬುರಗಿಯಲ್ಲಿ ವಾಲ್ವ್ (ಟ್ರಾನ್ಸಿಸ್ಟರ್‌ಗೂ ಹಿಂದಿನ ಗಾಜಿನ ಕೊಳವೆ) ರೇಡಿಯೊ, ಆಂಪ್ (ಹಾಡಿನ ದನಿ ಏರಿಸುವ ಪೆಟ್ಟಿಗೆ) ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವರು. ಮನೆಯ ಆಂಪ್‌ಗೆ ಸ್ಪೇರ್ ವಾಲ್ವ್ ಇಡುವ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಆಳಂದ: ಶರಣ್ರೀ ಕಾಕಾ. ನನ್ನದು ಸ್ಟೀರಿಯೊ. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಇಎಲ್84 ನಾಲ್ಕು, ಚಿಕ್ಕ ವಾಲ್ವ್ ಇಸಿಸಿ83 ಮೂರು, ಎಸಿ ಕರೆಂಟನ್ನು ಡಿಸಿ ಮಾಡುವ ಜಿಝಡ್34 ಒಂದು. ಸ್ಪೇರ್ ಎಷ್ಟಿಡಲಿ?

ಕಾಕಾ: ಶರಣು. ಇಎಲ್84 ನಾಲ್ಕರ ಒಂದು ಮ್ಯಾಚ್ ಸೆಟ್ (ಅಳೆದು ಒಂದಕ್ಕೊಂದು ಹೊಂದಿಸಿದ್ದು), ಇಸಿಸಿ83 ಒಂದು, ಜಿಝಡ್34 ಒಂದು. ಸಾಕು. ಔಟ್‌ಪುಟ್ ವಾಲ್ವ್ ಮೊದಲು ಸವೆಯುತ್ತದೆ, ಚಿಕ್ಕವು ವರ್ಷಗಟ್ಟಲೆ ಬಾಳುತ್ತವೆ. ತಂದ ವಾರವೇ ಹಾಕಿ ಒಂದೆರಡು ದಿನ ಹಾಡು ಕೇಳಿ, ಆಮೇಲೆ ಡಬ್ಬಿಗೆ ಇಡಿ. ಕೆಟ್ಟ ಮಾಲು ಅಂತ ಎರಡು ವರ್ಷ ಬಿಟ್ಟು ಗೊತ್ತಾದರೆ ಅಂಗಡಿಯವನು ನಿಮ್ಮ ಗುರುತೂ ಹಿಡಿಯುವುದಿಲ್ಲ.

ಸುರಪುರ: ಕಾಕಾ, ರೆಕಾರ್ಡ್ ಪ್ಲೇಯರ್ ಸೂಜಿ ಎಲ್ಲಿ ಸಿಗುತ್ತೆ?

ಶಹಾಬಾದ್: ನನ್ನದೂ ನಾಲ್ಕು ಇಎಲ್84. ಅಪ್ಪ ಹೈದರಾಬಾದಿನಿಂದ ತಂದದ್ದು, ಬಹಳ ವರ್ಷ ಸುಮ್ನೆ ಬಿದ್ದಿತ್ತು. ಹತ್ತು ನಿಮಿಷ ಹಾಡಿದರೆ ಬಲಗಡೆ ಒಂದು ವಾಲ್ವ್ ಒಳಗಿನ ತಗಡು ಕೆಂಪಾಗುತ್ತೆ. ಹೊಸದು ಹಾಕಿದೆ, ಅದೂ ಕೆಂಪು. ಈಗ ಮೂರನೇದು ಹಾಕಿದ್ದೇನೆ. ಒಂದು ಡಜನ್ ತರಿಸಿ ಇಟ್ಟುಬಿಡಲಾ?

ಕಾಕಾ: ಒಂದೂ ತರಿಸಬೇಡಿ. ಮೊದಲು ಆಂಪ್ ಆಫ್ ಮಾಡಿ ಪ್ಲಗ್ ಕೀಳಿ. ಕಿತ್ತಿರಾ? ಈಗ ಓದಿ.

ವಾಲ್ವ್ ಬದಲಾಯಿತು, ಕೆಂಪು ಅದೇ ಸಾಕೆಟ್‌ನಲ್ಲಿ ಉಳಿಯಿತು. ಅಂದ್ರೆ ತಪ್ಪು ವಾಲ್ವ್‌ನದಲ್ಲ. ನನ್ನ ಅನುಮಾನ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಹಿಂದಿನ ವಾಲ್ವ್‌ನ ಡಿಸಿ ತಡೆದು ಹಾಡನ್ನಷ್ಟೇ ಮುಂದೆ ಬಿಡುವುದು ಅದರ ಕೆಲಸ. ಹಳೇ ಪೇಪರ್ ಕೆಪಾಸಿಟರ್ ಸೋರುತ್ತದೆ. ಸೋರಿದ ಪಾಸಿಟಿವ್ ವೋಲ್ಟ್ ವಾಲ್ವ್‌ನ ಕರೆಂಟ್ ಹಿಡಿತದಲ್ಲಿಡುವ ಗ್ರಿಡ್‌ಗೆ (ಸಾಕೆಟ್‌ನ 2ನೇ ಪಿನ್) ಬಿದ್ದರೆ ವಾಲ್ವ್‌ಗೆ ಲಗಾಮೇ ಇರುವುದಿಲ್ಲ, ಕರೆಂಟ್ ಎಳೆಯುತ್ತಲೇ ಹೋಗುತ್ತದೆ. ಇಎಲ್84 ಪ್ಲೇಟ್, ಅಂದ್ರೆ ಆ ಒಳಗಿನ ತಗಡು, ತಾಳುವುದು 12 ವಾಟ್. ಇನ್ನು ಕೆಂಪಾಗದೆ ಏನು ಮಾಡೀತು? ಹೀಗೇ ಬಿಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ವಾಲ್ವ್ ಇವತ್ತೂ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರುತ್ತೀರಿ?

ಪರೀಕ್ಷೆ ಹೀಗೆ: ಆ ಒಂದು ವಾಲ್ವ್ ತೆಗೆದು ಆಂಪ್ ಆನ್ ಮಾಡಿ, ಸಾಕೆಟ್‌ನ 2ನೇ ಪಿನ್ ಮತ್ತು ಚಾಸಿ (ಆಂಪ್‌ನ ಲೋಹದ ತಳ) ನಡುವೆ ಡಿಸಿ ವೋಲ್ಟ್ ಮೀಟರ್‌ನಲ್ಲಿ ನೋಡಬೇಕು. ಸೊನ್ನೆ ಇರಬೇಕು. ಒಂದು ನಿಮಿಷದಲ್ಲಿ ನೋಡಿ ಆಫ್ ಮಾಡಬೇಕು. ಆದರೆ ಒಳಗೆ 300 ವೋಲ್ಟ್ ಓಡಾಡುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಕೈ ಪಳಗಿಲ್ಲದಿದ್ದರೆ ನೀವು ಮುಟ್ಟಬೇಡಿ, ತಿಳಿದವರ ಹತ್ತಿರ ಒಯ್ಯಿರಿ.

ಹುಮನಾಬಾದ್: ಫಾರ್ವರ್ಡ್ ಬಂದಿದೆ ನೋಡಿ. ಸವೆದ ವಾಲ್ವ್ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಮತ್ತೆ ಜೀವ ಬರುತ್ತದಂತೆ. ಪಿನ್‌ಗೆ ಕೊಬ್ಬರಿ ಎಣ್ಣೆ ಹಚ್ಚಬೇಕಂತೆ.

ಕಾಕಾ: ಫ್ರಿಜ್‌ನಲ್ಲಿ ಮೊಸರು ಇಡಿ. ಸವೆಯುವುದು ಎಲೆಕ್ಟ್ರಾನ್ ಬಿಡುವ ಕ್ಯಾಥೋಡ್ ಮೇಲಿನ ಲೇಪ, ಅದು ತಂಪಿಗೆ ಬೆಳೆಯುವುದಿಲ್ಲ. ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ. ಪಿನ್ ಮಂಕಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಗಾಜಿನ ಮೇಲಿನ ಅಕ್ಷರ ಒರೆಸಬೇಡಿ, ಆಮೇಲೆ ಯಾವುದು ಏನಂತ ನನಗೆ ಕೇಳಬೇಡಿ.

ಬೀದರ್: ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್ ಹಳೇ ಸ್ಟಾಕ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಈಗಿನ ರಷ್ಯನ್ ಮಾಲು ಅದರ ಹತ್ತಿರಕ್ಕೂ ಬರಲ್ಲ.

ಸೇಡಂ: ಕಣ್ಣು ಮುಚ್ಚಿ ತಗೊಂಡೇ ಮೋಸ ಹೋದೆ ಅಣ್ಣಾ. ಡಬ್ಬಿ ಹೊಸದು, ಒಳಗೆ ಸವೆದ ವಾಲ್ವ್. ಇಎಲ್84 ಬದಲಿಗೆ ಬರುವ ರಷ್ಯಾದ 6ಪಿ14ಪಿ ಹಾಕಿದೆ, ಮೂರು ವರ್ಷದಿಂದ ಆರಾಮಾಗಿದೆ.

ಬೀದರ್: ಆರಾಮ ಬೇರೆ, ನಾದ ಬೇರೆ. ಕೇಳುವ ಕಿವಿ ಬೇಕು.

ಸೇಡಂ: ನಿಮ್ಮ ಮನೆಗೆ ಬಂದಾಗ ಹಾಡಿಗಿಂತ ಗುಂಯ್ ಅನ್ನೋ ಹಮ್ ಸದ್ದೇ ಜಾಸ್ತಿ ಕೇಳಿಸ್ತು.

ಬೀದರ್: ಅದು ನಿಮ್ಮ ಕೇಬಲ್‌ದು! ಚಹಾ ಕುಡಿಯುವಾಗ ಹೇಳಲಿಲ್ಲ?

ಕಾಕಾ: ಇಬ್ಬರೂ ಸ್ವಲ್ಪ ಸುಮ್ನಿರಿ. ಹಳೆಯದು ಕೊಳ್ಳುವವರು ಗಾಜಿನ ಒಳಗಿನ ಬೆಳ್ಳಿ ಕಲೆ ನೋಡಿ. ಅದು ಬಿಳಿ ಪುಡಿಯಂತಾಗಿದ್ದರೆ ಗಾಳಿ ಹೊಕ್ಕಿದೆ, ಪುಕ್ಕಟೆ ಕೊಟ್ಟರೂ ಬೇಡ. ಕಲೆ ಚೆನ್ನಾಗಿದ್ದರೂ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡಿ.

ಯಾದಗಿರಿ: ಸರ್, ಇಎಲ್84ಗೆ ಎಷ್ಟು ಸ್ಪೇರ್ ಇಡಬೇಕು?

ಕಾಕಾ: ಮೇಲೆ ಇದೆ.

ಜೇವರ್ಗಿ: ಕಾಕಾ, ನಮ್ಮಲ್ಲಿ ಮೇ ತಿಂಗಳು 43 ಡಿಗ್ರಿ. ಡಬ್ಬಿಯಲ್ಲಿರುವ ವಾಲ್ವ್ ಕೆಡುತ್ತಾ?

ಕಾಕಾ: ಇಲ್ಲ. ಹಾಡುವ ವಾಲ್ವ್ ಒಮ್ಮೆ ಮುಟ್ಟಿ ನೋಡಿ, 43 ಏನೂ ಅಲ್ಲ ಅಂತ ಗೊತ್ತಾಗುತ್ತದೆ. ಬೇಡ, ಮುಟ್ಟಬೇಡಿ. ನೀವು ನಿಜಕ್ಕೂ ಮುಟ್ಟಿಬಿಡುತ್ತೀರಿ.

ಹುಮನಾಬಾದ್: ಫ್ರಿಜ್ ಬೇಡಾದರೆ ಅಕ್ಕಿ ಡಬ್ಬಿ?

ಕಾಕಾ: ಅನ್ನ ಮಾಡಿ ಊಟ ಮಾಡಿ.

ಹುಮನಾಬಾದ್: ಕೇಳಿದ್ದಕ್ಕೆ ಹೀಗೆ ಅನ್ನೋದಾ? ಹಿರಿಯರು ಅಂತ ಸುಮ್ನಿದ್ದೀನಿ.

ಅಡ್ಮಿನ್: ದಯವಿಟ್ಟು ಎಲ್ಲರೂ ಸಮಾಧಾನ.

ಶಹಾಬಾದ್: ಕಾಕಾ, ಪಕ್ಕದ ಓಣಿಯ ಎಲೆಕ್ಟ್ರಾನಿಕ್ಸ್ ಮಾಸ್ತರರನ್ನು ಕರೆಸಿ ನೋಡಿಸಿದೆ. 2ನೇ ಪಿನ್‌ನಲ್ಲಿ 14 ವೋಲ್ಟ್.

ಕಾಕಾ: ಸಿಕ್ಕಿತಲ್ಲ ಕಳ್ಳ! ಆ ಕಪ್ಲಿಂಗ್ ಕೆಪಾಸಿಟರ್ ಒಂದೇ ಬದಲಿಸಬೇಡಿ, ನಾಲ್ಕು ಇಎಲ್84ರ ನಾಲ್ಕಕ್ಕೆ ನಾಲ್ಕೂ ಬದಲಿಸಿ. ಮಿಕ್ಕ ಮೂರಕ್ಕೂ ಅದೇ ವಯಸ್ಸು. ಅಳತೆ ಹಳೆಯದರ ಮೇಲೆ ಬರೆದಷ್ಟೇ, ವೋಲ್ಟ್ ಮಾತ್ರ 630ರ ಫಿಲ್ಮ್ ಕೆಪಾಸಿಟರ್ ಇರಲಿ. ಹೈದರಾಬಾದಿನ ಗುಜರಾತಿ ಗಲ್ಲಿಯಲ್ಲಿ ಕೇಳಿ. ಕೆಂಪಾದ ಮೂರು ವಾಲ್ವ್‌ಗಳನ್ನೂ ಎಸೆಯಬೇಡಿ, ಟೆಸ್ಟರ್ ಇರುವವರಿಂದ ನೋಡಿಸಿ. ಒಂದು ಉಳಿದಿದ್ದರೂ ಉಳಿದಂತೆ. ಹೊಸ ಮ್ಯಾಚ್ ಸೆಟ್ ತರುವುದು ಆಮೇಲೆ.

ಯಾದಗಿರಿ: ಮೇಲೆ ಅಂದ್ರೆ ಎಲ್ಲಿ ಸರ್?

ಸುರಪುರ: ಕಾಕಾ, ಸೂಜಿ?